ಕೊಟ್ಟಿಗೆಯಲ್ಲಿ ಹತ್ತು ನಿಮಿಷ ಸುಮ್ಮನೆ ನಿಲ್ಲಿ



ಬೆಳಗಿನ ಐದಕ್ಕೆ ಎದ್ದು ಸೆಗಣಿ ಬಾಚಿ, ಕೆಚ್ಚಲು ತೊಳೆದು, ಹಾಲು ಕರೆದು, ಕ್ಯಾನು ಹಿಡಿದು ಡೇರಿಯ ಸಾಲಿನಲ್ಲಿ ನಿಲ್ಲಬೇಕು. ಬಂದವರೇ ಮೇವು ಕೊಯ್ಯಲು ಹೊಲಕ್ಕೆ ಓಡಬೇಕು. ಸಂಜೆ ಮತ್ತೆ ಅದೇ ಕೆಲಸ. ಹಸುವಿಗೆ ಭಾನುವಾರ ಗೊತ್ತಿಲ್ಲ. ನೆಂಟರ ಮನೆಯ ಮದುವೆಗೆ ಹೋದರೂ ಸಂಜೆಯ ಕರಾವಿನ ಹೊತ್ತಿಗೆ ಊರು ಸೇರುವ ಬಸ್ಸು ಹಿಡಿಯಬೇಕು. ಇದನ್ನೆಲ್ಲ ನೋಡುತ್ತ ಬೆಳೆದ ಮಕ್ಕಳು ಒಂದು ದಿನ ಕೇಳುತ್ತಾರೆ: "ದಿನಾ ಸೆಗಣಿ ಬಾಚೋದು, ಹಾಲು ಕರೆಯೋದು. ಇದರಲ್ಲಿ ಏನಿದೆಯಪ್ಪಾ?"

ಈ ಪ್ರಶ್ನೆಗೆ ನಾವು ಸಾಮಾನ್ಯವಾಗಿ ಹಣದ ಲೆಕ್ಕದಲ್ಲೇ ಉತ್ತರ ಕೊಡುತ್ತೇವೆ. ಹಾಲಿನ ಬಟವಾಡೆಯಿಂದ ಮನೆ ನಡೆಯಿತು, ನಿನ್ನ ಫೀಸು ಕಟ್ಟಿದ್ದೂ ಅದರಿಂದಲೇ ಎನ್ನುತ್ತೇವೆ. ಅದು ನಿಜ. ಆದರೆ ಮಕ್ಕಳು ಕೇಳಿದ್ದು ಅದನ್ನಲ್ಲ. ಈ ಕೆಲಸದಲ್ಲಿ ಬುದ್ಧಿಗೆ ಏನು ಕೆಲಸವಿದೆ, ಮನಸ್ಸಿಗೆ ಏನು ಸಿಗುತ್ತದೆ ಎಂದು ಅವರು ಕೇಳುತ್ತಿದ್ದಾರೆ. ಅದಕ್ಕೆ ಉತ್ತರ ಸಿಗದೇ ಹೋದರೆ ನಾಳೆ ಕೊಟ್ಟಿಗೆ ಖಾಲಿಯಾಗುತ್ತದೆ. ಹಾಲಿನ ದರ ಎಷ್ಟೇ ಏರಿದರೂ ಅದು ತುಂಬುವುದಿಲ್ಲ.

ಹೈನುಗಾರಿಕೆಯಲ್ಲಿ ಬುದ್ಧಿಗೂ ಮನಸ್ಸಿಗೂ ಬೇಕಾದಷ್ಟು ಕೆಲಸವಿದೆ. ಅದು ಶುರುವಾಗುವುದು ನೋಡುವುದರಿಂದ. ನಾವು ದಿನವಿಡೀ ಹಸುವಿನ ಪಕ್ಕದಲ್ಲೇ ಇರುತ್ತೇವೆ. ಆದರೆ ಕೈ ದುಡಿಯುತ್ತಿರುವಾಗ ಕಣ್ಣು ಇನ್ನೆಲ್ಲೋ ಇರುತ್ತದೆ. ದಿನಕ್ಕೆ ಹತ್ತು ನಿಮಿಷ, ಕೈಯಲ್ಲಿ ಬಕೆಟ್ಟಾಗಲಿ ಪೊರಕೆಯಾಗಲಿ ಇಲ್ಲದೆ, ಕೊಟ್ಟಿಗೆಯಲ್ಲಿ ಸುಮ್ಮನೆ ನಿಂತು ಹಸುವನ್ನು ನೋಡುವ ಅಭ್ಯಾಸದ ಬಗ್ಗೆ ಈ ಲೇಖನ. ಅದರಿಂದ ಹಾಲಿಗೇನು ಲಾಭ, ಹಾಲು ಕರೆಯುವವರಿಗೇನು ಲಾಭ ಎರಡನ್ನೂ ನೋಡೋಣ.

ಸುಮ್ಮನೆ ನಿಂತರೆ ಏನು ಕಾಣುತ್ತದೆ?

ಇದಕ್ಕೆ ಎರಡು ಹೊತ್ತು ಒಳ್ಳೆಯದು. ಒಂದು, ಮೇವು ತಿಂದು ಎರಡು ಗಂಟೆಯಾದ ಮೇಲೆ, ಹಸು ಆರಾಮಾಗಿ ಮಲಗಿರುವ ಸಮಯ. ಇನ್ನೊಂದು, ರಾತ್ರಿ ಊಟವಾದ ಮೇಲೆ, ಮಲಗುವ ಮುಂಚೆ. ಮೊದಲ ಒಂದೆರಡು ನಿಮಿಷ ಹಸು ನಿಮ್ಮನ್ನೇ ನೋಡುತ್ತದೆ, ಹಿಂಡಿ ತಂದಿರಬಹುದು ಎಂದು ಕಾಯುತ್ತದೆ. ಏನೂ ತಂದಿಲ್ಲ ಎಂದು ತಿಳಿದ ಮೇಲೆ ತನ್ನ ಪಾಡಿಗೆ ತಾನಿರುತ್ತದೆ. ನಿಜವಾದ ನೋಟ ಅಲ್ಲಿಂದ ಶುರು.

ಮೊದಲು ಮೆಲುಕು ನೋಡಿ. ಆರೋಗ್ಯವಾಗಿರುವ ಹಸು ದಿನಕ್ಕೆ ಸುಮಾರು 7ರಿಂದ 8 ಗಂಟೆ ಮೆಲುಕು ಹಾಕುತ್ತದೆ. ಹೊಟ್ಟೆಯಿಂದ ಒಂದು ತುತ್ತು ಕುತ್ತಿಗೆಯಲ್ಲಿ ಏರಿ ಬರುವುದು ಕಣ್ಣಿಗೇ ಕಾಣುತ್ತದೆ. ಅಲ್ಲಿಂದ ದವಡೆಯ ಆಟ ಎಣಿಸಿ. ಸಾಮಾನ್ಯವಾಗಿ ಒಂದು ತುತ್ತನ್ನು 50ರಿಂದ 70 ಸಲ ಜಗಿದು ನುಂಗುತ್ತದೆ. ಎಣಿಕೆ 40ಕ್ಕೂ ಕೆಳಗೆ ಇಳಿದಿದ್ದರೆ ಮೇವಿನಲ್ಲಿ ನಾರು ಕಡಿಮೆಯಾಗಿದೆ, ಹಿಂಡಿ ಹೆಚ್ಚಾಗಿದೆ ಎಂದು ಅನುಮಾನಿಸಬೇಕು. ಮೆಲುಕು ಹಾಕುವಾಗ ಬಾಯಲ್ಲಿ ಜೊಲ್ಲು ಊರುತ್ತದೆ. ಹೊಟ್ಟೆಯಲ್ಲಿ ಹುಳಿ ಏರದಂತೆ ತಡೆಯುವುದು ಆ ಜೊಲ್ಲು. ಮೆಲುಕು ತಗ್ಗಿದರೆ ಹೊಟ್ಟೆ ಹುಳಿಯಾಗುತ್ತದೆ, ಹಾಲಿನ ಜಿಡ್ಡು ಇಳಿಯುತ್ತದೆ. ಡೇರಿಯಲ್ಲಿ ಫ್ಯಾಟ್ ಕಡಿಮೆ ಬಂತು ಎಂದು ಪರೀಕ್ಷೆ ಮಾಡುವವರ ಮೇಲೆ ಬೇಸರಿಸುವ ಮೊದಲು ಹಸುವಿನ ದವಡೆಯನ್ನು ಒಮ್ಮೆ ನೋಡುವುದು ಒಳ್ಳೆಯದು.

ಆಮೇಲೆ ಉಸಿರು. ಪಕ್ಕೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಿ. ಬೇಸಿಗೆಯ ಮಧ್ಯಾಹ್ನ ಎಣಿಕೆ 60 ದಾಟಿದರೆ ಹಸುವಿಗೆ ಬಿಸಿಲಿನ ತ್ರಾಸವಾಗಿದೆ ಎಂದರ್ಥ. ನೀರು, ನೆರಳು, ಗಾಳಿ ಬೇಕು.

ಸೆಗಣಿಯೂ ಮಾತನಾಡುತ್ತದೆ. ದಪ್ಪ ಗಂಜಿಯ ಹದದಲ್ಲಿ ಬಿದ್ದು, ಎರಡು ಬೆರಳಿನಷ್ಟು ಎತ್ತರ ಗುಡ್ಡೆಯಾಗಿ, ನಡುವೆ ಸಣ್ಣ ಗುಳಿ ಬಿದ್ದರೆ ಜೀರ್ಣ ಚೆನ್ನಾಗಿದೆ. ನೀರಾಗಿ ಹರಡಿದರೆ, ಇಲ್ಲವೇ ಉಂಡೆ ಕಟ್ಟಿ ಗಟ್ಟಿಯಾದರೆ ಮೇವಿನಲ್ಲೋ ನೀರಿನಲ್ಲೋ ಏನೋ ಏರುಪೇರಾಗಿದೆ. ಇಡೀ ಮೆಕ್ಕೆಜೋಳದ ಕಾಳು ಹಾಗೇ ಕಂಡರೆ, ನೀವು ದುಡ್ಡು ಕೊಟ್ಟು ತಂದ ಕಾಳು ಹೊಟ್ಟೆಯೊಳಗಿಂದ ನೇರವಾಗಿ ತಿಪ್ಪೆಗೆ ಹೋಗುತ್ತಿದೆ.

ಇನ್ನು ಮಲಗುವುದು. ಹಸು ದಿನಕ್ಕೆ 10ರಿಂದ 12 ಗಂಟೆ ಮಲಗಬಯಸುತ್ತದೆ. ಮಲಗಲು ಬಗ್ಗಿ ಮತ್ತೆ ನೆಟ್ಟಗಾಗುವುದು, ಒಂದು ಕಾಲಿನ ಮೇಲೆ ಭಾರ ಬಿಡದೆ ನಿಲ್ಲುವುದು, ಮಂಡಿ ತರಚಿರುವುದು ಕಂಡರೆ ನೆಲ ಗಟ್ಟಿಯಾಗಿದೆ ಅಥವಾ ಜಾರುತ್ತಿದೆ, ಇಲ್ಲವೇ ಕಣ್ಣಿ ಗಿಡ್ಡವಾಗಿದೆ. ಮೂತಿಯ ಮೇಲೆ ಬೆವರಿನ ಹನಿ ಇದೆಯೇ, ಕಿವಿ ಆಡುತ್ತಿದೆಯೇ, ಬಾಲ ನೊಣ ಓಡಿಸುತ್ತಿದೆಯೇ ಇವೆಲ್ಲ ಒಂದೇ ನೋಟಕ್ಕೆ ಸಿಗುವ ಸಂಗತಿಗಳು.

ಇದಕ್ಕೆ ಯಾವ ಉಪಕರಣವೂ ಬೇಡ, ಖರ್ಚೂ ಇಲ್ಲ. ಒಂದು ವಾರ ನೋಡಿದರೆ ನಿಮ್ಮ ಹಸುವಿನ ಮಾಮೂಲಿ ನಡೆ ಹೇಗಿರುತ್ತದೆ ಎಂದು ಮನಸ್ಸಿನಲ್ಲಿ ಕೂರುತ್ತದೆ. ಮಾಮೂಲಿ ಗೊತ್ತಿದ್ದವರಿಗೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ.

ತಪ್ಪಿದ ಒಂದು ಬೆದೆಯ ಬೆಲೆ

ನೋಡುವುದಕ್ಕೂ ಹಣಕ್ಕೂ ಎಷ್ಟು ಹತ್ತಿರದ ನಂಟು ಎಂಬುದು ಬೆದೆಯಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಹಸು ಸರಾಸರಿ 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. 18ರಿಂದ 24 ದಿನದೊಳಗೆ ಯಾವಾಗ ಬಂದರೂ ಅದು ಸಹಜ. ಬಂದ ಬೆದೆ ಉಳಿಯುವುದು ಒಂದು ದಿನಕ್ಕೂ ಕಡಿಮೆ. ಅದರಲ್ಲೂ ಬೆದೆಯ ಲಕ್ಷಣಗಳು ಹೆಚ್ಚಾಗಿ ಕಾಣುವುದು ರಾತ್ರಿ ಮತ್ತು ಬೆಳಗಿನ ಜಾವ, ಅಂದರೆ ನಾವು ನಿದ್ದೆಯಲ್ಲಿರುವಾಗ. ಎಮ್ಮೆಯಲ್ಲಂತೂ ಬೆದೆ ಮೌನವಾಗಿ ಬಂದು ಮೌನವಾಗಿ ಹೋಗುತ್ತದೆ.

ಹಿಂಡಿನಲ್ಲಿ ಬಿಟ್ಟು ಮೇಯಿಸುವಾಗ ಒಂದು ಹಸುವಿನ ಮೇಲೆ ಇನ್ನೊಂದು ಏರುವುದನ್ನು ನೋಡಿಯೇ ಬೆದೆ ತಿಳಿಯುತ್ತಿತ್ತು. ಈಗ ಒಂದೆರಡು ಹಸುವನ್ನು ಕಟ್ಟಿ ಸಾಕುವವರಿಗೆ ಆ ಗುರುತು ಸಿಗುವುದಿಲ್ಲ. ಅವರು ಸಣ್ಣ ಗುರುತುಗಳನ್ನೇ ಹಿಡಿಯಬೇಕು. ಕಾರಣವಿಲ್ಲದೆ ಕೂಗುವುದು, ಮೇವು ಬಿಟ್ಟು ಆಚೀಚೆ ನೋಡುವುದು, ಪದೇ ಪದೇ ಗಂಜಲ ಹಾಕುವುದು, ಆ ಹೊತ್ತಿನ ಹಾಲು ಇಳಿಯುವುದು, ಯೋನಿ ಊದಿ ಗಾಜಿನಂತೆ ತಿಳಿಯಾದ ಲೋಳೆ ಇಳಿಯುವುದು, ಬಾಲದ ಬುಡಕ್ಕೆ ಅದು ಅಂಟಿಕೊಂಡಿರುವುದು ಇವೇ ಆ ಗುರುತುಗಳು. ಬೆಳಿಗ್ಗೆ ಬೆದೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಬೇಕು. ಲೋಳೆ ಮಬ್ಬಾಗಿದ್ದರೆ ಅಥವಾ ಕೀವು ಕಂಡರೆ ಮೊದಲು ಪಶುವೈದ್ಯರಿಗೆ ತೋರಿಸಬೇಕು.

ಇನ್ನೊಂದು ಗುರುತನ್ನು ಹಲವರು ತಪ್ಪಾಗಿ ತಿಳಿಯುತ್ತಾರೆ. ಬೆದೆ ಕಳೆದ ಒಂದೆರಡು ದಿನಕ್ಕೆ ಕೆಲವು ಹಸುಗಳಲ್ಲಿ, ಅದರಲ್ಲೂ ಕಡಸುಗಳಲ್ಲಿ, ಸ್ವಲ್ಪ ರಕ್ತ ಕಾಣುತ್ತದೆ. ಅದನ್ನು ಕಂಡು ಗಾಬರಿಯಾಗಬೇಕಿಲ್ಲ, ಅದು ಕಂಡಿತೆಂದು ಗರ್ಭಧಾರಣೆ ಮಾಡಿಸಲು ಓಡುವುದೂ ಬೇಡ. ಆ ಬೆದೆ ಆಗಲೇ ಮುಗಿದಿದೆ. ತಾರೀಕು ಬರೆದಿಡಿ; ಮುಂದಿನ ಬೆದೆಯನ್ನು ಸುಮಾರು 16ನೇ ದಿನದಿಂದಲೇ ಕಾಯಲು ಶುರು ಮಾಡಿ.

ಒಂದು ಬೆದೆ ತಪ್ಪಿದರೆ ಎಷ್ಟು ನಷ್ಟ? ನಿಮ್ಮ ಹಸುವಿನ ಒಂದು ದಿನದ ಮೇವು ಮತ್ತು ಪಶು ಆಹಾರದ ಖರ್ಚನ್ನು 21ರಿಂದ ಗುಣಿಸಿ ನೋಡಿ. ಮುಂದಿನ ಕರುವೂ ಕರಾವೂ 21 ದಿನ ತಡವಾಗುವುದು ಬೇರೆ. ಆ ಮೊತ್ತವನ್ನು ಉಳಿಸಿಕೊಡುವುದು ರಾತ್ರಿಯ ಹತ್ತು ನಿಮಿಷದ ನೋಟ.

ಹೆಸರಿಟ್ಟು ಕರೆಯುವವರ ಹಸು

ಗೋವಿನ ಹಾಡನ್ನು ಕೇಳದೆ ಬೆಳೆದವರು ನಮ್ಮಲ್ಲಿ ಕಡಿಮೆ. ಅದರಲ್ಲಿ ಕಾಳಿಂಗನೆಂಬ ಗೊಲ್ಲ ತನ್ನ ಹಸುಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆಯುತ್ತಾನೆ. ಅವು ಅವನ ದನಿ ಕೇಳಿ ಬರುತ್ತವೆ. ಇವತ್ತಿಗೂ ನಮ್ಮ ಕೊಟ್ಟಿಗೆಗಳಲ್ಲಿ ಗೌರಿ, ಲಕ್ಷ್ಮಿ, ಕೆಂಪಿ, ಚುಕ್ಕಿ, ಕಾಳಿ ಇದ್ದಾರೆ. ಕಿವಿಗೆ ಹಾಕಿದ 12 ಅಂಕಿಯ ಓಲೆ ಸರ್ಕಾರದ ಲೆಕ್ಕಕ್ಕೆ ಬೇಕು, ವಿಮೆಗೂ ಬೇಕು. ಆದರೆ ಆ ಸಂಖ್ಯೆ ಹಿಡಿದು ಕೂಗಿದರೆ ಯಾವ ಹಸುವೂ ತಲೆ ಎತ್ತುವುದಿಲ್ಲ.

ಇದರ ಬಗ್ಗೆ ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಕ್ಯಾಥರೀನ್ ಬರ್ಟನ್‌ಶಾ ಮತ್ತು ಪೀಟರ್ ರೋಲಿನ್‌ಸನ್ ಒಂದು ಅಧ್ಯಯನ ಮಾಡಿದರು. ಅಲ್ಲಿನ 516 ಹೈನುಗಾರರನ್ನು ಕೇಳಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಸುಗಳನ್ನು ಹೆಸರಿಟ್ಟು ಕರೆಯುವವರ ಮನೆಯಲ್ಲಿ, ಹಾಗೆ ಕರೆಯದವರಿಗಿಂತ, ಹಸುವೊಂದಕ್ಕೆ ಒಂದು ಸೂಲಿನಲ್ಲಿ ಸರಾಸರಿ 258 ಲೀಟರ್ ಹೆಚ್ಚು ಹಾಲು ಕಂಡುಬಂತು. ಆ ವರ್ಷ ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಬಹುಮಾನವೂ ಇದಕ್ಕೆ ಬಂತು.

ಹಾಗಾದರೆ ಇವತ್ತೇ ಹೆಸರಿಟ್ಟರೆ ನಾಳೆ ಹಾಲು ಹೆಚ್ಚುತ್ತದೆಯೇ? ಇಲ್ಲ. ಹೆಸರಿನಲ್ಲಿ ಮಂತ್ರವಿಲ್ಲ. ಒಂದು ಹಸುವಿಗೆ ಹೆಸರಿಟ್ಟವರು ಅದನ್ನು ಬೇರೆ ಹಸುವಿನಿಂದ ಬೇರೆಯಾಗಿ ನೋಡಿರುತ್ತಾರೆ. ಅದಕ್ಕೆ ಯಾವ ಮೊಲೆ ಸೂಕ್ಷ್ಮ, ಯಾವ ಪಕ್ಕದಿಂದ ಹೋದರೆ ಬೆಚ್ಚುತ್ತದೆ, ಮಳೆ ಬರುವ ಮುಂಚೆ ಹೇಗೆ ಆಡುತ್ತದೆ ಎಂಬುದೆಲ್ಲ ಅವರಿಗೆ ಗೊತ್ತು. ಆ ಅರಿವೇ ಹಾಲಾಗಿ ಬರುತ್ತದೆ.

ಅದಕ್ಕೆ ದೇಹದಲ್ಲೇ ಕಾರಣವಿದೆ. ಕೆಚ್ಚಲು ತೊಳೆದು ಒರೆಸುವಾಗ ಹಸುವಿನ ಮೆದುಳಿನಿಂದ ಆಕ್ಸಿಟೋಸಿನ್ ಎಂಬ ರಸದೂತ ರಕ್ತಕ್ಕೆ ಬರುತ್ತದೆ. ಹಾಲನ್ನು ಮೊಲೆಗೆ ಇಳಿಸುವುದು ಅದೇ. ಅದರ ಪ್ರಭಾವ ಕೆಲವೇ ನಿಮಿಷ. ಆ ಹೊತ್ತಿನಲ್ಲಿ ಗದರಿದರೆ, ಹೊಡೆದರೆ, ನಾಯಿ ನುಗ್ಗಿದರೆ ಹೆದರಿಕೆಯ ರಸದೂತ ಬಂದು ಅದನ್ನು ತಡೆಯುತ್ತದೆ, ಹಸು ಹಾಲು ಏರಿಸಿಕೊಳ್ಳುತ್ತದೆ. ಕೆಚ್ಚಲಲ್ಲಿ ಉಳಿದ ಹಾಲು ಕೆಚ್ಚಲು ಬಾವಿಗೂ ದಾರಿ ಮಾಡುತ್ತದೆ. ಮೆಲ್ಲಗೆ ಹೆಸರು ಹೇಳುತ್ತ, ಬೆನ್ನು ಸವರಿ, ಗುನುಗುತ್ತ ಕರೆಯುವ ಅಜ್ಜಿಯರು ಈ ವಿಜ್ಞಾನ ಓದಿರಲಿಲ್ಲ. ಅವರು ಹಸುವನ್ನು ಓದಿದ್ದರು.

ಒಬ್ಬ ರೈತನ ನೋಟದಿಂದ ಲಸಿಕೆಯವರೆಗೆ

ಹಾಲು ಕರೆಯುವವರ ಕಣ್ಣು ಜಗತ್ತಿಗೆ ಏನು ಕೊಟ್ಟಿದೆ ಎಂಬುದಕ್ಕೆ ಒಂದು ದೊಡ್ಡ ಉದಾಹರಣೆ ಇದೆ. ಸಿಡುಬು ಊರಿಗೆ ಊರನ್ನೇ ಬಲಿ ತೆಗೆದುಕೊಳ್ಳುತ್ತಿದ್ದ ಕಾಲ. ಹಸುವಿನ ಕೆಚ್ಚಲ ಮೇಲೆ ಏಳುವ ಒಂದು ಬಗೆಯ ಗುಳ್ಳೆ ಹಾಲು ಕರೆಯುವವರ ಕೈಗೂ ಅಂಟುತ್ತಿತ್ತು, ಕೆಲವು ದಿನಕ್ಕೆ ವಾಸಿಯಾಗುತ್ತಿತ್ತು. ಹಾಗೆ ಅಂಟಿಸಿಕೊಂಡವರಿಗೆ ಆಮೇಲೆ ಸಿಡುಬು ಬರುವುದಿಲ್ಲ ಎಂದು ಇಂಗ್ಲೆಂಡಿನ ಹಳ್ಳಿಗಳ ಹೈನುಗಾರರು ಗಮನಿಸಿದ್ದರು. 1774ರಲ್ಲಿ ಡಾರ್ಸೆಟ್ ಪ್ರಾಂತ್ಯದ ಬೆಂಜಮಿನ್ ಜೆಸ್ಟಿ ಎಂಬ ರೈತ, ಸಿಡುಬು ತನ್ನೂರಿಗೆ ಬಂದಾಗ, ಹಸುವಿನ ಗುಳ್ಳೆಯ ರಸವನ್ನು ಸೂಜಿಯಿಂದ ತನ್ನ ಹೆಂಡತಿಗೂ ಇಬ್ಬರು ಗಂಡುಮಕ್ಕಳಿಗೂ ಹಾಕಿದ. ನೆರೆಹೊರೆಯವರು ಅವನನ್ನು ಹಂಗಿಸಿದರು. ಆದರೆ ಮೂವರೂ ಉಳಿದರು.

ಇದಾಗಿ 22 ವರ್ಷಕ್ಕೆ, 1796ರಲ್ಲಿ, ಎಡ್ವರ್ಡ್ ಜೆನ್ನರ್ ಎಂಬ ವೈದ್ಯ ಇದನ್ನೇ ಪರೀಕ್ಷೆಗೆ ಒಡ್ಡಿ ಬರೆದಿಟ್ಟ. ರಸ ತೆಗೆದದ್ದು ಸಾರಾ ನೆಲ್ಮ್ಸ್ ಎಂಬ ಹಾಲು ಕರೆಯುವ ಹೆಣ್ಣುಮಗಳ ಕೈಯಿಂದ. ಆಕೆಗೆ ಅಂಟಿಸಿದ ಹಸುವಿನ ಹೆಸರು ಬ್ಲಾಸಮ್, ಅಂದರೆ ಹೂವು. ಲಸಿಕೆಗೆ ಇಂಗ್ಲಿಷಿನಲ್ಲಿ ಹೇಳುವ ವ್ಯಾಕ್ಸೀನ್ ಎಂಬ ಪದ ಹುಟ್ಟಿದ್ದು ಹಸು ಎಂಬ ಅರ್ಥದ ಲ್ಯಾಟಿನ್ ಪದದಿಂದ. 1980ರಲ್ಲಿ ಸಿಡುಬು ಭೂಮಿಯಿಂದ ತೊಲಗಿತು ಎಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ವೈದ್ಯರು ಪರೀಕ್ಷಿಸಿ ಒಪ್ಪಿದ ಈ ಸಂಗತಿ ಮೊದಲು ಕಂಡದ್ದು ಕೊಟ್ಟಿಗೆಯಲ್ಲಿ ಕೂತವರ ಕಣ್ಣಿಗೆ.

ನಮ್ಮ ಕಾಲದ್ದೇ ಇನ್ನೊಂದು ಉದಾಹರಣೆ ಅಮೆರಿಕದ ಪಶು ವಿಜ್ಞಾನಿ ಟೆಂಪಲ್ ಗ್ರಾಂಡಿನ್. ದನಗಳನ್ನು ಲಸಿಕೆ ಹಾಕಲು ಸಾಲಾಗಿ ಕರೆದೊಯ್ಯುವ ಓಣಿಯಲ್ಲಿ ಅವು ಮುಂದೆ ಹೋಗದೆ ನಿಂತುಬಿಡುತ್ತಿದ್ದವು. ಬೇರೆಯವರು ಹೊಡೆದು ಓಡಿಸುತ್ತಿದ್ದರು. ಆಕೆ ತಾನೇ ಆ ಓಣಿಗೆ ಇಳಿದು, ದನದ ಕಣ್ಣಿನ ಎತ್ತರಕ್ಕೆ ಬಗ್ಗಿ ನೋಡಿದರು. ನೆಲದ ಮೇಲೆ ಬಿದ್ದ ನೆರಳು, ತೂಗಾಡುವ ಸರಪಳಿ, ಬೇಲಿಗೆ ನೇತು ಹಾಕಿದ ಅಂಗಿ, ಹೊಳೆಯುವ ನೀರಿನ ಗುಂಡಿ. ದನಗಳನ್ನು ಬೆಚ್ಚಿಸುತ್ತಿದ್ದವು ಇವೇ. ಅವನ್ನು ತೆಗೆದರೆ ಸಾಕಿತ್ತು, ದನ ತಾನೇ ನಡೆಯುತ್ತಿತ್ತು. ದನ ನಡೆಯುವ ರೀತಿಗೆ ತಕ್ಕಂತೆ ಅವರು ರೂಪಿಸಿದ ಬಾಗಿದ ಓಣಿಗಳು ಇಂದು ಹಲವು ದೇಶಗಳಲ್ಲಿವೆ.

ಈ ಪ್ರಯೋಗವನ್ನು ನೀವೂ ಮಾಡಬಹುದು. ನಿಮ್ಮ ಹಸು ಕೊಟ್ಟಿಗೆಯ ಬಾಗಿಲಲ್ಲೋ ಚರಂಡಿಯ ಹತ್ತಿರವೋ ದಿನಾ ತಡೆದು ನಿಲ್ಲುತ್ತದೆಯೇ? ಅಲ್ಲಿ ಬಗ್ಗಿ, ಅದರ ಕಣ್ಣಿನ ಮಟ್ಟದಿಂದ ಮುಂದೆ ನೋಡಿ. ಹಸುವಿಗೆ ಎರಡೂ ಪಕ್ಕದ್ದು ಬಹಳ ಅಗಲಕ್ಕೆ ಕಾಣುತ್ತದೆ, ನೇರ ಹಿಂದಿನದು ಮಾತ್ರ ಕಾಣುವುದಿಲ್ಲ. ಅದಕ್ಕೇ ಸದ್ದಿಲ್ಲದೆ ಹಿಂದಿನಿಂದ ಹೋದರೆ ಒದೆಯುತ್ತದೆ.

ಉಪಾಯ ಹುಟ್ಟುವುದು ಹೀಗೆ

ಸೃಜನಶೀಲತೆ ಎಂಬುದು ಕವಿಗಳಿಗೂ ಚಿತ್ರಕಾರರಿಗೂ ಸೇರಿದ ದೊಡ್ಡ ಮಾತು ಎಂದು ನಾವು ದೂರ ಇಟ್ಟಿದ್ದೇವೆ. ಹಳ್ಳಿಯಲ್ಲಿ ಅದಕ್ಕೆ ಉಪಾಯ ಎನ್ನುತ್ತಾರೆ. ಕರೆದ ತಕ್ಷಣ ಮೊಲೆಯ ತುದಿಯ ರಂಧ್ರ ಅರ್ಧ ಗಂಟೆಯಷ್ಟು ತೆರೆದಿರುತ್ತದೆ, ಆಗ ಹಸು ಸೆಗಣಿಯ ಮೇಲೆ ಮಲಗಿದರೆ ಕೆಚ್ಚಲಿಗೆ ರೋಗಾಣು ಸೇರುತ್ತದೆ. ಇದನ್ನು ತಿಳಿದ ಮನೆಯವರು ಹಸಿ ಮೇವನ್ನು ಕರೆಯುವ ಮುಂಚೆ ಹಾಕದೆ ಕರೆದ ಮೇಲೆ ಹಾಕುತ್ತಾರೆ. ಹಸು ತಿನ್ನುತ್ತ ನಿಂತೇ ಇರುತ್ತದೆ. ಖರ್ಚಿಲ್ಲದ ಉಪಾಯ, ಆದರೆ ಹಿಂದೆ ನೋಟವೂ ಯೋಚನೆಯೂ ಇದೆ.

ಬೇಸಿಗೆಯಲ್ಲಿ ಕೊಟ್ಟಿಗೆಯ ಬದಿಗೆ ಒದ್ದೆ ಗೋಣಿಚೀಲ ಇಳಿಬಿಡುವುದು, ಶೀಟಿನ ಮೇಲೆ ತೆಂಗಿನ ಗರಿ ಹಾಸಿ ಸೋರೆ ಬಳ್ಳಿ ಹಬ್ಬಿಸುವುದು, ಗೋದಲಿಯ ಪಕ್ಕದಲ್ಲೇ ಹಗಲಿರುಳೂ ನೀರಿರುವಂತೆ ತೊಟ್ಟಿ ಕಟ್ಟುವುದು, ಹೊಲದ ಬದುವಿಗೆ ಅಗಸೆ ಮತ್ತು ನುಗ್ಗೆ ನೆಟ್ಟು ಮೇವಿಗೂ ನೆರಳಿಗೂ ಒಂದೇ ಗಿಡ ಮಾಡಿಕೊಳ್ಳುವುದು ಇವೆಲ್ಲ ಯಾರೋ ಒಬ್ಬರು ತಮ್ಮ ಹಸುವಿನ ಕಷ್ಟ ನೋಡಿ ಹುಡುಕಿದ ದಾರಿಗಳು. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ. ನೀವು ಅದನ್ನು ದೊಡ್ಡದೆಂದು ತಿಳಿದಿರುವುದಿಲ್ಲ, ಅಷ್ಟೇ.

ಮಕ್ಕಳ ಕೈಗೆ ಮಣ್ಣು ಕೊಡಿ

ನಮ್ಮ ಹಿರಿಯರು ದನದ ಜೊತೆಗಿನ ಬದುಕನ್ನು ಬರೀ ದುಡಿಮೆಯಾಗಿ ಬಿಡಲಿಲ್ಲ. ಹಳೆ ಮೈಸೂರಿನ ಕಡೆ ಸಂಕ್ರಾಂತಿಯಂದು ದನದ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಸಂಜೆ ಕಿಚ್ಚು ಹಾಯಿಸುತ್ತಾರೆ. ಮಲೆನಾಡು ಮತ್ತು ಕರಾವಳಿಯಲ್ಲಿ ದೀಪಾವಳಿಯ ಗೋಪೂಜೆ. ಉತ್ತರ ಕರ್ನಾಟಕದಲ್ಲಿ ಕಾರಹುಣ್ಣಿಮೆಗೆ ಎತ್ತುಗಳ ಸಿಂಗಾರ, ಅದಾಗಿ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ.

ಮಣ್ಣೆತ್ತಿನ ಅಮಾವಾಸ್ಯೆಯನ್ನು ಸ್ವಲ್ಪ ಗಮನಿಸಿ. ಮುಂಗಾರಿನ ಹಸಿ ಮಣ್ಣು ತಂದು ಎತ್ತು ಮಾಡಿ ಪೂಜಿಸುತ್ತಾರೆ. ಮಣ್ಣಿನಲ್ಲಿ ಎತ್ತು ಮಾಡಲು ಕೂತ ಮಗುವಿಗೆ ಆಗ ಪ್ರಶ್ನೆಗಳು ಬರುತ್ತವೆ. ಡುಬ್ಬ ಎಲ್ಲಿಂದ ಏಳುತ್ತದೆ? ಕೊಂಬು ಕಿವಿಯ ಮುಂದೋ ಹಿಂದೋ? ಗಂಗೆದೊಗಲು ಎಲ್ಲಿಯವರೆಗೆ ಇಳಿಯುತ್ತದೆ? ಉತ್ತರ ಹುಡುಕಲು ಅದು ಎದ್ದು ಕೊಟ್ಟಿಗೆಗೆ ಹೋಗಿ ನೋಡಿ ಬರುತ್ತದೆ. ಕಲೆ ಕಲಿಯುವುದೂ ಪಶುಪಾಲನೆ ಕಲಿಯುವುದೂ ಅಲ್ಲಿ ಒಟ್ಟಿಗೇ ನಡೆಯುತ್ತದೆ. ಈಗ ಪೇಟೆಯಲ್ಲಿ ಅಚ್ಚಿನ ಎತ್ತು ಸಿಗುತ್ತದೆ. ಕೊಂಡು ತರುವುದು ಸುಲಭ. ಆದರೆ ಮಗು ಕೊಟ್ಟಿಗೆಗೆ ಹೋಗಿ ನೋಡಿ ಬರುವ ಆ ನಾಲ್ಕು ಹೆಜ್ಜೆ ಅದರಲ್ಲಿ ಸಿಗುವುದಿಲ್ಲ.

ನಿಮ್ಮ ಕಡೆ ಆ ಹಬ್ಬವಿಲ್ಲದಿದ್ದರೂ ಮಕ್ಕಳ ಕೈಗೆ ಮಣ್ಣನ್ನೋ ಪೆನ್ಸಿಲನ್ನೋ ಕೊಟ್ಟು ಮನೆಯ ಹಸುವನ್ನು ಮಾಡಲು ಹೇಳಿ. ಹೊಸ ಕರುವಿಗೆ ಹೆಸರಿಡುವ ಹಕ್ಕು ಅವರಿಗಿರಲಿ. ಕೊಟ್ಟಿಗೆಯ ಕೆಲಸದಲ್ಲಿ ಸೆಗಣಿ ಬಾಚುವ ಪಾಲು ಮಾತ್ರ ಮಕ್ಕಳಿಗೆ ಕೊಟ್ಟು, ಯೋಚಿಸುವ ಪಾಲನ್ನು ನಾವೇ ಇಟ್ಟುಕೊಂಡರೆ ಅವರು ಹೊರಗೆ ಹೋಗುವುದರಲ್ಲಿ ಆಶ್ಚರ್ಯವಿಲ್ಲ.

ಒಂದು ಹಸು, ಒಂದು ನೋಟ್‌ಬುಕ್

ನೋಡಿದ್ದು ಮರೆಯುತ್ತದೆ. ಅದಕ್ಕೆ ಒಂದು ನೋಟ್‌ಬುಕ್ ಬೇಕು. ಒಂದೊಂದು ಹಸುವಿಗೆ ಕೆಲವು ಪುಟ ಬಿಡಿ. ಮೊದಲ ಪುಟದಲ್ಲಿ ಹೆಸರು, ಕಿವಿಯೋಲೆಯ ಸಂಖ್ಯೆ, ಹುಟ್ಟಿದ ಅಥವಾ ತಂದ ದಿನ, ತಾಯಿಯ ಹೆಸರು. ಆಮೇಲೆ ದಿನಕ್ಕೊಂದು ಸಾಲು ಸಾಕು. ಹೀಗಿರಬಹುದು:

"ಗೌರಿ. ರಾತ್ರಿ 9 ಗಂಟೆ. ಮಲಗಿ ಮೆಲುಕು, 58 ಸಲ. ಸೆಗಣಿ ಸರಿ."

"ಗೌರಿ. ಬೆಳಿಗ್ಗೆಯಿಂದ ಕೂಗು. ಲೋಳೆ ತಿಳಿ. ಸಂಜೆ ಗರ್ಭಧಾರಣೆ ಆಯ್ತು."

"ಚುಕ್ಕಿ. ಎಡ ಹಿಂದಿನ ಮೊಲೆ ಬಿಸಿ. ಮೊದಲ ಹಾಲಿನಲ್ಲಿ ಸಣ್ಣ ಹರಳು. ಡಾಕ್ಟರಿಗೆ ಫೋನ್."

ಪಶುವೈದ್ಯರು ಬಂದಾಗ "ಯಾವಾಗಿನಿಂದ ಹೀಗೆ?" ಎಂದು ಕೇಳಿದರೆ ಪುಟ ತೆರೆದು ತೋರಿಸಬಹುದು. ಹಸುವಿಗೆ ಗಬ್ಬದ ಅವಧಿ ಸುಮಾರು 280 ದಿನ, ಎಮ್ಮೆಗೆ ಸುಮಾರು 310 ದಿನ. ಗರ್ಭಧಾರಣೆಯ ತಾರೀಕು ಬರೆದಿದ್ದರೆ ಯಾವಾಗ ಬತ್ತಿಸಬೇಕು, ಯಾವ ವಾರ ರಾತ್ರಿ ಎಚ್ಚರವಿರಬೇಕು ಎಂಬುದು ಮೊದಲೇ ಗೊತ್ತಾಗುತ್ತದೆ.

ನಮ್ಮ ಮನೆಗಳಲ್ಲಿ ಹಸುವನ್ನು ಹೆಚ್ಚು ನೋಡುವವರು ಹೆಣ್ಣುಮಕ್ಕಳು. ಡೇರಿಯ ಪಾಸ್‌ಬುಕ್ಕಿನಲ್ಲಿ ಯಜಮಾನರ ಹೆಸರಿದ್ದರೂ, ಯಾವ ಹಸು ಇವತ್ತು ಸಪ್ಪಗಿದೆ ಎಂದು ಮೊದಲು ಹೇಳುವುದು ಅಮ್ಮನೋ ಅಜ್ಜಿಯೋ. ಅವರ ತಲೆಯಲ್ಲಿರುವ ತಿಳಿವಳಿಕೆ ಎಲ್ಲೂ ಬರೆದಿಲ್ಲ. ಅಜ್ಜಿ ಹೇಳಲಿ, ಶಾಲೆಗೆ ಹೋಗುವ ಮೊಮ್ಮಗಳು ಬರೆಯಲಿ. ಒಂದು ವರ್ಷದಲ್ಲಿ ಆ ನೋಟ್‌ಬುಕ್ ನಿಮ್ಮ ಮನೆಯದ್ದೇ ಪುಸ್ತಕವಾಗುತ್ತದೆ. ಅದರಲ್ಲಿ ಹಸುವಿನ ಜೊತೆಗೆ ಮಳೆ ಯಾವಾಗ ಬಂತು, ಬೇಲಿಯ ಹೊಂಗೆ ಯಾವಾಗ ಚಿಗುರಿತು, ಉಣ್ಣೆಯ ಕಾಟ ಯಾವ ತಿಂಗಳಲ್ಲಿ ಏರಿತು ಎಂಬುದೂ ಸೇರಿಕೊಳ್ಳುತ್ತದೆ. ಇನ್ನೊಬ್ಬರ ಹೊಲದ ಲೆಕ್ಕ ನಿಮಗೆ ಕೊಡಲಾಗದ್ದನ್ನು ಅದು ಕೊಡುತ್ತದೆ.

ಕಷ್ಟದ ದಿನಗಳಲ್ಲಿ

ಇಷ್ಟು ಹೇಳಿದ ಮೇಲೆ ಹೈನುಗಾರಿಕೆ ಬರೀ ಆನಂದ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಹಿಂಡಿಯ ಬೆಲೆ ಏರುತ್ತದೆ, ಮೇವು ಒಣಗುತ್ತದೆ, ಸೊಂಟ ಹಿಡಿಯುತ್ತದೆ. ನೋಟದಿಂದ ಸಾಲ ತೀರುವುದಿಲ್ಲ. 2022ರಲ್ಲಿ ಚರ್ಮಗಂಟು ರೋಗ ರಾಜ್ಯದಲ್ಲಿ ಹರಡಿದಾಗ ಎಷ್ಟೋ ಮನೆಗಳು ಕಣ್ಣೆದುರೇ ಹಸು ಕರುಗಳನ್ನು ಕಳೆದುಕೊಂಡವು. ಮಗುವಿನಂತೆ ಸಾಕಿದ ಹಸು ಸತ್ತರೆ ವಿಮೆಯ ಹಣ ನಷ್ಟ ತುಂಬಬಹುದು. ಬೆಳಿಗ್ಗೆ ಎದ್ದು ಖಾಲಿ ಗೂಟ ನೋಡುವ ಸಂಕಟವನ್ನು ಅದು ತುಂಬುವುದಿಲ್ಲ. ಆ ದುಃಖಕ್ಕೆ ನಾಚಬೇಕಿಲ್ಲ. "ಒಂದು ದನಕ್ಕೆ ಇಷ್ಟು ಅಳಬೇಕಾ?" ಎಂದು ಯಾರಾದರೂ ಕೇಳಿದರೆ, ಅವರು ಹಸು ಸಾಕಿಲ್ಲ ಎಂದು ತಿಳಿಯಿರಿ.

ಆದರೂ ಅಂಥ ದಿನಗಳಲ್ಲಿ ನೋಡುವ ಅಭ್ಯಾಸ ಎರಡು ಕೆಲಸ ಮಾಡುತ್ತದೆ. ಹಸು ಮೇವು ಬಿಟ್ಟ ಮೊದಲ ಹೊತ್ತಿಗೇ, ಮೈ ಬಿಸಿಯಾದ ಮೊದಲ ದಿನವೇ ವೈದ್ಯರನ್ನು ಕರೆಯುವಂತೆ ಮಾಡುತ್ತದೆ. ಹಸುವಿನ ಸಹಜ ತಾಪ 101ರಿಂದ 102 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು. ಒಂದು ಥರ್ಮಾಮೀಟರ್ ಮನೆಯಲ್ಲಿರಲಿ. ಎರಡನೆಯದು, ನಮ್ಮ ಮಿತಿಯನ್ನೂ ತಿಳಿಸುತ್ತದೆ. ಐದು ಹಸುವನ್ನು ಒಬ್ಬರೇ ನೋಡಲಾಗದೆ ಬೆದೆ ತಪ್ಪುತ್ತಿದ್ದರೆ, ಕೆಚ್ಚಲು ಬಾವು ಮರುಕಳಿಸುತ್ತಿದ್ದರೆ, ಚೆನ್ನಾಗಿ ನೋಡಿಕೊಂಡ ಮೂರೇ ಲೇಸು. ಹಾಗೆಯೇ ಅಕ್ಕಪಕ್ಕದ ಎರಡು ಮನೆಯವರು ಮಾತಾಡಿಕೊಂಡು ತಿಂಗಳಿಗೊಮ್ಮೆ ಒಬ್ಬರ ಕರಾವನ್ನು ಇನ್ನೊಬ್ಬರು ನೋಡಿಕೊಂಡರೆ, ಮದುವೆಗೆ ಹೋದವರು ಊಟ ಮುಗಿಸಿ ನಿಧಾನವಾಗಿ ಬರಬಹುದು. ಹಾಲಿಗೆ ಸಹಕಾರ ಸಂಘ ಕಟ್ಟಿದ ನಮಗೆ ಬಿಡುವಿಗೆ ಸಹಕಾರ ಮಾಡಿಕೊಳ್ಳುವುದು ಕಷ್ಟವಾಗಬಾರದು.

ಇಂದೇ ಶುರು ಮಾಡಿ

ಇಂದು ರಾತ್ರಿ ಊಟವಾದ ಮೇಲೆ ಮನೆಯವರೊಬ್ಬರನ್ನು, ಆದರೆ ಒಂದು ಮಗುವನ್ನು, ಜೊತೆಗೆ ಕರೆದುಕೊಂಡು ಕೊಟ್ಟಿಗೆಗೆ ಹೋಗಿ. ಟಾರ್ಚನ್ನು ಹಸುವಿನ ಕಣ್ಣಿಗೆ ಬಿಡಬೇಡಿ, ನೆಲಕ್ಕೆ ಹಿಡಿಯಿರಿ. ಮೊಬೈಲು ಮನೆಯಲ್ಲೇ ಇರಲಿ. ಎಷ್ಟು ಹಸು ಮಲಗಿವೆ, ಅವುಗಳಲ್ಲಿ ಎಷ್ಟು ಮೆಲುಕು ಹಾಕುತ್ತಿವೆ ಎಣಿಸಿ. ಒಂದು ತುತ್ತಿಗೆ ಎಷ್ಟು ಸಲ ಜಗಿಯುತ್ತದೆ ಎಂದು ಮಗು ಎಣಿಸಲಿ, ನೀವೂ ಎಣಿಸಿ, ಇಬ್ಬರ ಲೆಕ್ಕ ಸರಿಬಂತೇ ನೋಡಿ. ಒಳಗೆ ಬಂದು ತಾರೀಕು ಹಾಕಿ ಒಂದು ಸಾಲು ಬರೆಯಿರಿ.

ಹೀಗೆ 21 ದಿನ ಮಾಡಿ. ಆ ನೋಟ್‌ಬುಕ್ಕನ್ನು ನಿಮ್ಮ ಸಂಘಕ್ಕೆ ಬರುವ ಪಶುವೈದ್ಯರಿಗೋ ಕೃತಕ ಗರ್ಭಧಾರಣಾ ಕಾರ್ಯಕರ್ತರಿಗೋ ತೋರಿಸಿ. ಕೊಟ್ಟಿಗೆಯಲ್ಲಿ ನೀವು ಮಾಡಿಕೊಂಡ ಸಣ್ಣ ಉಪಾಯವೊಂದಿದ್ದರೆ ಸಂಘದ ಸಭೆಯಲ್ಲಿ ಎದ್ದು ನಿಂತು ಹೇಳಿ. ಪಕ್ಕದ ಮನೆಯ ಹಸುವಿಗೂ ಅದು ಬೇಕಾಗಿರಬಹುದು.